ಸೀಲ್ ಬದಲಿಸುವ ಮುನ್ನ ಪೈಪು ನೋಡಿ

ಹೊಸ ಆಯಿಲ್ ಸೀಲ್ ಹಾಕಿದರೂ ನಿಮ್ಮ ಬೈಕಿನ ಮುಂದಿನ ಫೋರ್ಕ್‌ನಿಂದ ಮತ್ತೆ ಎಣ್ಣೆ ಜಿನುಗುತ್ತಿದ್ದರೆ, ಸೀಲನ್ನು ದೂರುವ ಮೊದಲು ಅದು ಉಜ್ಜಿಕೊಂಡು ಓಡಾಡುವ ಪೈಪನ್ನು ಪರೀಕ್ಷಿಸಿ. ಚೆನ್ನಾಗಿ ಒರೆಸಿ, ಮೇಲಿಂದ ಕೆಳಕ್ಕೆ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಅಲ್ಲಿ ತುಕ್ಕಿನ ಗುಳಿಯೋ ಗೀರೋ ಇದೆ. ರಸ್ತೆಯ ಪ್ರತಿ ಹಳ್ಳದಲ್ಲೂ ಸೀಲಿನ ರಬ್ಬರ್ ಅಂಚನ್ನು ಕೊಯ್ಯುವುದು ಅದೇ. ದಪ್ಪ ಎಣ್ಣೆಯನ್ನು ತುಸು ಹೆಚ್ಚೇ ಹಾಕಿದರೆ ಸೋರಿಕೆ ನಿಲ್ಲುತ್ತದೆ ಎನ್ನುವವರಿದ್ದಾರೆ. ನಿಲ್ಲುವುದಿಲ್ಲ. ಎಣ್ಣೆ ಹೆಚ್ಚಿದಷ್ಟೂ ಒಳಗಿನ ಗಾಳಿಗೆ ಜಾಗ ಕಡಿಮೆ. ಫೋರ್ಕ್ ಕುಗ್ಗಿದಾಗ ಒತ್ತಡ ಏರಿ ಸೀಲಿನ ಮೇಲೇ ಬೀಳುತ್ತದೆ. ಮ್ಯಾನ್ಯುಯಲ್ ಹೇಳಿದ ದರ್ಜೆ, ಹೇಳಿದ ಅಳತೆ ಸಾಕು.

ಪೈಪು ದುಬಾರಿ ಎಂಬುದು ನಿಜ. ಗುಳಿ ಸೀಲಿಗೆ ತಾಗದಷ್ಟು ಮೇಲಿದ್ದರೆ ಬಿಡಬಹುದು, ತಾಗುವಂತಿದ್ದರೆ ಬದಲಿಸಲೇಬೇಕು. ಸೋರಿದ ಎಣ್ಣೆ ಡಿಸ್ಕಿಗೆ ಇಳಿದರೆ ಬ್ರೇಕ್ ಹಿಡಿಯದು. ಆ ಅಪಾಯದ ಮುಂದೆ ಪೈಪಿನ ಬೆಲೆ ದೊಡ್ಡದಲ್ಲ.