ಶಿಲೆಯ ಚಿತ್ರ, ಚಿತ್ರದ ವಿಳಾಸ: ಡಿಜಿಟಲ್ ಚಿತ್ರಕೋಶವನ್ನು ಓದುವ ಮತ್ತು ಕಟ್ಟುವ ಬಗೆ

ಮಡಕಶಿರಾ ಸೀಮೆಯ ಹೇಮಾವತಿಯು ನೊಳಂಬ ಪಲ್ಲವರ ರಾಜಧಾನಿಯಾಗಿತ್ತು. ಅಲ್ಲಿ ಅರಳಿದ ಶಿಲ್ಪಗಳು ಇಂದು ಒಂದೆಡೆ ಇಲ್ಲ. ಕೆಲವು ಹೇಮಾವತಿಯ ದೊಡ್ಡೇಶ್ವರ ದೇವಾಲಯದ ಆವರಣದಲ್ಲಿವೆ; ಕೆಲವು ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಚೋಳರ ಕಾಲದಲ್ಲಿ ಸಾಗಿಸಲ್ಪಟ್ಟವೆಂದು ವಿದ್ವಾಂಸರು ಗುರುತಿಸಿರುವ ನೊಳಂಬ ಕಂಬಗಳು ತಮಿಳುನಾಡಿನ ತಿರುವೈಯಾರಿನ ದೇವಾಲಯದಲ್ಲಿ ನಿಂತಿವೆ. ಚೆನ್ನೈ ಸಂಗ್ರಹದಲ್ಲಿರುವ ಶಿಲ್ಪಗಳನ್ನು ಕುರಿತು ಸಿ. ಶಿವರಾಮಮೂರ್ತಿ ಅವರು 1964ರಲ್ಲಿ ಗ್ರಂಥವನ್ನೇ ರಚಿಸಿದರು. ಚದುರಿಹೋದ ಈ ಶಿಲ್ಪಗಳನ್ನು ಮತ್ತೆ ಒಂದೆಡೆ ಸೇರಿಸಿ ನೋಡಲು ಇಂದಿನ ವಿದ್ಯಾರ್ಥಿಗೆ ಇರುವ ಸುಲಭ ಮಾರ್ಗ ಚಿತ್ರಕೋಶ. ಆದರೆ ಚಿತ್ರಗಳನ್ನು ಕಲೆಹಾಕಿದ ಮಾತ್ರಕ್ಕೆ ಅದು ಕೋಶವಾಗದು. ಪ್ರತಿ ಚಿತ್ರಕ್ಕೂ ಒಂದು ವಿಳಾಸ ಬೇಕು. ಅದನ್ನು ಬರೆಯುವುದೇ ಇಲ್ಲಿನ ಮುಖ್ಯ ವಿದ್ಯೆ.

ಊರೊಂದು, ಹೆಸರು ಹಲವು

ಹೇಮಾವತಿಯ ಹಳೆಯ ಹೆಸರು ಶಾಸನಗಳಲ್ಲಿ ಪೆಂಜೆರು ಎಂದೂ ಹೆಂಜೇರು ಎಂದೂ ಕಾಣುತ್ತದೆ. ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದ ಪ್ರಕ್ರಿಯೆಯನ್ನು ಭಾಷಾಚರಿತ್ರೆಯ ಪಾಠದಲ್ಲಿ ಓದಿದವರಿಗೆ ಇದು ಜೀವಂತ ನಿದರ್ಶನ. ಕೋಶದಲ್ಲಿ ಹೇಮಾವತಿ ಎಂದಷ್ಟೇ ದಾಖಲಿಸಿದರೆ ಹೆಂಜೇರನ್ನು ಹುಡುಕಿ ಬಂದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ.

ಆಡಳಿತದ ಗಡಿಗಳೂ ಬದಲಾಗಿವೆ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿರುವ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್’ ಒಂಬತ್ತನೆಯ ಸಂಪುಟದ ಮೊದಲ ಭಾಗವು 1939ರಲ್ಲಿ ಪ್ರಕಟವಾದಾಗ ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರಲ್ಲಿ ಆಂಧ್ರ ರಾಜ್ಯ ರೂಪುಗೊಂಡಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಅಲ್ಲಿಗೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದ್ದರಿಂದ ಸ್ಥಳದ ನಮೂದಿನಲ್ಲಿ ಇಂದಿನ ಹೆಸರು, ಶಾಸನೋಕ್ತ ಹೆಸರು, ಕನ್ನಡ ಮತ್ತು ತೆಲುಗಿನ ರೂಪಗಳು, ಹಳೆಯ ಮತ್ತು ಹೊಸ ಜಿಲ್ಲೆಗಳು, ಇಷ್ಟೂ ಇರಬೇಕು.

ಕಂಡದ್ದು, ಕೇಳಿದ್ದು, ಊಹಿಸಿದ್ದು

ರಾಯದುರ್ಗದ ಬೆಟ್ಟದ ಮೇಲಿನ ಗುಹೆಗಳನ್ನು ಜನರು ರಸಸಿದ್ಧರ ಗುಡಿ ಎಂದು ಕರೆಯುತ್ತಾರೆ. ಅಲ್ಲಿನ ಉಬ್ಬುಶಿಲ್ಪಗಳು ಜೈನ ಪರಂಪರೆಗೆ ಸೇರಿದವು. ‘ಜೈನ ಗುಹೆ’ ಎಂದು ಮಾತ್ರ ಬರೆದರೆ ಜನರ ನೆನಪು ಅಳಿಯುತ್ತದೆ. ‘ರಸಸಿದ್ಧರ ಗುಡಿ’ ಎಂದು ಮಾತ್ರ ಬರೆದರೆ ಶಿಲ್ಪದ ಸಾಕ್ಷ್ಯ ಮರೆಯಾಗುತ್ತದೆ. ಕಣ್ಣಿಗೆ ಕಂಡದ್ದು, ಊರವರು ಹೇಳಿದ್ದು, ವಿದ್ಯಾರ್ಥಿ ಊಹಿಸಿದ್ದು, ಈ ಮೂರಕ್ಕೂ ಪ್ರತ್ಯೇಕ ಅಂಕಣಗಳಿರಲಿ. ಊಹೆ ಮುಂದೆ ತಪ್ಪೆಂದು ತಿಳಿದರೂ ಉಳಿದೆರಡು ಅಂಕಣಗಳು ಕೆಡುವುದಿಲ್ಲ.

ಚಿತ್ರದ ಚೌಕಟ್ಟೂ ಅಷ್ಟೇ ಮುಖ್ಯ. ಮಡಕಶಿರಾ ಸೀಮೆಯ ಪಾತಶಿವರದ ಶಾಸನವು ‘ನಿಯಮಸಾರ’ದ ವ್ಯಾಖ್ಯಾನಕಾರ ಪದ್ಮಪ್ರಭ ಮಲಧಾರಿದೇವರ ನಿಧನವನ್ನು ದಾಖಲಿಸುತ್ತದೆ; ಅದರ ಕಾಲ ಕ್ರಿ.ಶ. 1185. ಪ್ರಾಕೃತ ಗ್ರಂಥವೊಂದರ ಸಂಸ್ಕೃತ ವ್ಯಾಖ್ಯಾನಕಾರನ ಕಾಲನಿರ್ಣಯಕ್ಕೆ ಈ ಊರಿನ ಕಲ್ಲೊಂದು ಆಧಾರವಾಯಿತು. ರಾಯದುರ್ಗದಲ್ಲಿ ಶಾಂತಿನಾಥ ಜಿನಪ್ರತಿಮೆಯ ಸ್ಥಾಪನೆಯನ್ನು ಹೇಳುವ 1355ರ ಶಾಸನವಿದೆ. ಈ ಸೀಮೆಯ ಜೈನ ಶಾಸನಗಳನ್ನು ಪಿ. ಬಿ. ದೇಸಾಯಿ ಅವರು 1957ರಲ್ಲಿ ಸೊಲ್ಲಾಪುರದಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಕಾಲವನ್ನು ಹೇಳುವ ಒಂದು ಸಾಲು ಚೌಕಟ್ಟಿನಿಂದ ಹೊರಗುಳಿದರೆ ಎಷ್ಟು ಸುಂದರ ಚಿತ್ರವೂ ಅಧ್ಯಯನಕ್ಕೆ ನೆರವಾಗದು.

ಕಟ್ಟುವ ಕ್ರಮ

ಪ್ರತಿ ಕಲ್ಲಿಗೆ ಕನಿಷ್ಠ ನಾಲ್ಕು ಚಿತ್ರಗಳಿರಲಿ: ಪರಿಸರದೊಡನೆ ದೂರದಿಂದ ಒಂದು, ಪೂರ್ಣ ಕಲ್ಲು ಒಂದು, ಅಕ್ಷರಗಳ ಭಾಗ ಹತ್ತಿರದಿಂದ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಕೊರೆದ ಅಕ್ಷರದೊಳಗೆ ನೆರಳು ನಿಂತು ಓದು ಸುಲಭವಾಗುತ್ತದೆ. ನಡುಹಗಲಿನಲ್ಲಿ ಎಲ್ಲವೂ ಸಪಾಟಾಗಿ ಕಾಣುತ್ತದೆ. ಸುಣ್ಣ, ಸೀಮೆಸುಣ್ಣ, ಎಣ್ಣೆಗಳನ್ನು ಕಲ್ಲಿಗೆ ಹಚ್ಚಬಾರದು. ಸಂರಕ್ಷಿತ ಸ್ಮಾರಕಗಳಲ್ಲಿ ಇಲಾಖೆಯ ನಿಯಮವನ್ನೂ, ಪೂಜೆ ನಡೆಯುವೆಡೆ ಊರವರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ವಿವರಗಳಿಗೆ ಜಗತ್ತಿನ ಗ್ರಂಥಾಲಯಗಳು ಬಳಸುವ ‘ಡಬ್ಲಿನ್ ಕೋರ್’ ಎಂಬ ಮಾದರಿಯಿದೆ. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ, ಭಾಷೆ, ಹಕ್ಕು ಮುಂತಾದ ಹದಿನೈದು ಅಂಶಗಳು ಅದರಲ್ಲಿವೆ. ಚಿತ್ರಕೋಶಗಳಿಗೂ ಬಳಸಬಹುದಾದ ಉಚಿತ ತಂತ್ರಾಂಶ ‘ಒಮೇಕಾ’ ಇದೇ ಮಾದರಿಯನ್ನು ಅನುಸರಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಕಲ್ಲು ಕೊರೆದ ದಿನ ಬೇರೆ, ಚಿತ್ರ ತೆಗೆದ ದಿನ ಬೇರೆ, ಎರಡನ್ನೂ ಬರೆಯಬೇಕು. ಕನ್ನಡ ವಿವರಗಳು ಯೂನಿಕೋಡ್‌ನಲ್ಲಿಯೇ ಇರಬೇಕು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಪಠ್ಯವು ಪುಟದ ಮೇಲೆ ಕನ್ನಡವಾಗಿ ಕಂಡರೂ ಹುಡುಕಾಟಕ್ಕೆ ಸಿಗದು.

ಬೆಂಗಳೂರಿನ ಮಿಥಿಕ್ ಸೊಸೈಟಿಯು ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸುತ್ತಿದೆ. ಅಂತಹ ಉಪಕರಣ ಎಲ್ಲ ಕಾಲೇಜುಗಳಿಗೂ ಎಟುಕದು. ಕೈಯಲ್ಲಿರುವ ಮೊಬೈಲಿನಿಂದಲೂ ಶಿಸ್ತಿನ ದಾಖಲೆ ಸಾಧ್ಯ. ಕೊರತೆಯಾಗುವುದು ಸಾಮಾನ್ಯವಾಗಿ ವಿವರ ಬರೆಯುವ ತಾಳ್ಮೆ.

ಕೋಶ ಉಳಿಯುವ ಬಗೆ

ವಿದ್ಯಾರ್ಥಿಗಳು ಕಟ್ಟಿದ ಕೋಶಕ್ಕೆ ಇರುವ ದೊಡ್ಡ ಅಪಾಯ ವಿದ್ಯಾರ್ಥಿಗಳ ಬೀಳ್ಕೊಡುಗೆ. ಮೂರು ವರ್ಷ ಕಳೆದು ತಂಡ ಹೊರಟುಹೋದರೆ ಗುಪ್ತಪದವೂ ಅವರೊಡನೆ ಹೋಗುತ್ತದೆ. ಆದ್ದರಿಂದ ಜಾಲತಾಣವು ವಿಭಾಗದ ಹೆಸರಿನಲ್ಲಿರಲಿ. ಮೂಲ ಚಿತ್ರಗಳ ಮೂರು ಪ್ರತಿಗಳಿದ್ದು, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ. ಪ್ರತಿ ಜೂನ್‌ನಲ್ಲಿ ಹಿರಿಯರು ಕಿರಿಯರಿಗೆ ಬರಹದಲ್ಲಿ ಹೊಣೆ ಒಪ್ಪಿಸಲಿ. ರಸ್ತೆ ಅಗಲಗೊಂಡಾಗ, ಹೊಲ ಹಸನಾದಾಗ, ಗುಡಿಗೆ ಬಣ್ಣ ಬಳಿದಾಗ ಕಲ್ಲು ಕಣ್ಮರೆಯಾಗಬಹುದು. ಆಗ ಉಳಿಯುವುದು ಈ ದಾಖಲೆಯೊಂದೇ. ಗಡಿನಾಡಿನಲ್ಲಿ ಕನ್ನಡದ ಇರವಿಗೆ ಸಾಕ್ಷಿ ಹೇಳುವ ಕಲ್ಲುಗಳ ವಿಷಯದಲ್ಲಂತೂ ಈ ಹೊಣೆ ಇನ್ನೂ ದೊಡ್ಡದು.

ಅಭ್ಯಾಸಕ್ಕೆ

1. ನಿಮ್ಮ ಊರಿನ ಒಂದು ವೀರಗಲ್ಲು ಅಥವಾ ಶಾಸನಕ್ಕೆ ಮೇಲೆ ಹೇಳಿದ ನಾಲ್ಕು ಚಿತ್ರಗಳನ್ನು ತೆಗೆದು, ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂದು ವಿವರ ಬರೆಯಿರಿ.

2. ಆ ಊರಿನ ಹೆಸರಿನ ಹಳೆಯ ರೂಪವನ್ನು ಮುದ್ರಿತ ಶಾಸನ ಸಂಪುಟದಲ್ಲಿ ಹುಡುಕಿ, ಇಂದಿನ ರೂಪದೊಡನೆ ಹೋಲಿಸಿರಿ.