ಹಿತ್ತಾಳೆಯ ಬಿಡಿಭಾಗಗಳಲ್ಲಿ ಸೀಸ: ಉತ್ಪಾದಕರು ತಿಳಿದಿರಬೇಕಾದ ಸಂಗತಿಗಳು

ಹುಬ್ಬಳ್ಳಿ-ಧಾರವಾಡದ ವಾಲ್ವ್ ತಯಾರಕರಿಂದ ಹಿಡಿದು, ಮುಂಡಗೋಡ ರಸ್ತೆಯ ತಡಸದಂತಹ ಊರುಗಳಲ್ಲಿ ನಲ್ಲಿ, ಪಂಪ್‌ಸೆಟ್ ಸಾಮಾನು ಮಾರುವ ವರ್ತಕ ಬಾಂಧವರವರೆಗೆ ಎಲ್ಲರಿಗೂ ಹಿತ್ತಾಳೆಯ ಬಿಡಿಭಾಗಗಳು ನಿತ್ಯದ ಸರಕು. ಲೇತ್ ಕೆಲಸಕ್ಕೆಂದೇ ತಯಾರಾಗುವ ಹಿತ್ತಾಳೆಯ ಸರಳಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 3.5ರಷ್ಟು ಸೀಸವಿರುತ್ತದೆ. ಅದು ಮಿಶ್ರಲೋಹದಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ಉಳಿಯುವುದರಿಂದ ಲೋಹದ ಚೂರು ತುಂಡುತುಂಡಾಗಿ ಉದುರುತ್ತದೆ, ಉಪಕರಣದ ಮೊನೆ ಬಹುಕಾಲ ಬಾಳುತ್ತದೆ. ಇಷ್ಟು ಉಪಕಾರಿಯಾದುದನ್ನು ಬಿಡುವುದೇಕೆ ಎಂಬ ಪ್ರಶ್ನೆ ಸಹಜವೇ.

ಮೊದಲನೆಯದು ಮಾರುಕಟ್ಟೆ. ಅಮೆರಿಕದಲ್ಲಿ 2014ರ ಜನವರಿ 4ರಿಂದ ಕುಡಿಯುವ ನೀರಿನ ಸಾಮಗ್ರಿಗಳಲ್ಲಿ ನೀರು ತಾಗುವ ಭಾಗದ ಸೀಸವು ಸರಾಸರಿ ಶೇ. 0.25ನ್ನು ಮೀರುವಂತಿಲ್ಲ. ವಿದ್ಯುನ್ಮಾನ ಉಪಕರಣಗಳಿಗೆ ಐರೋಪ್ಯ ಒಕ್ಕೂಟವು 2006ರ ಜುಲೈ 1ರಿಂದ ವಿಧಿಸಿದ ಮಿತಿ ಶೇ. 0.1. ತಾಮ್ರದ ಮಿಶ್ರಲೋಹಗಳಿಗೆ ಶೇ. 4ರವರೆಗೆ ವಿನಾಯಿತಿ ದೊರೆತಿತ್ತಾದರೂ ಅದು ಕಾಲಕಾಲಕ್ಕೆ ಮರುಪರಿಶೀಲನೆಗೆ ಒಳಪಡುವಂಥದು. ಅದನ್ನೇ ನಂಬಿ ವರ್ಷಗಳ ಯೋಜನೆ ಹಾಕುವುದು ಜಾಣತನವಲ್ಲ. ನಮ್ಮಲ್ಲಿಯೂ 2012ರ ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸವನ್ನು ಒಪ್ಪುವುದಿಲ್ಲ. ರಾತ್ರಿಯಿಡೀ ನಲ್ಲಿಯಲ್ಲಿ ನಿಂತ ನೀರಿಗೆ ಸೀಸ ಇಳಿಯಬಲ್ಲದು.

ಎರಡನೆಯದು ಕೆಲಸಗಾರರ ಆರೋಗ್ಯ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಹಿತ್ತಾಳೆಯನ್ನು ಎರೆಯುವ ಶಾಖ ಅದರ ಸುಮಾರು ಮೂರು ಪಟ್ಟು. ಆ ಕುಲುಮೆಯ ಹೊಗೆಯಲ್ಲಿ ಸೀಸವೂ ಇರುತ್ತದೆ. ಬಟ್ಟೆಗಂಟಿದ ಧೂಳು ಮನೆಯ ಮಕ್ಕಳನ್ನೂ ತಲುಪುತ್ತದೆ. 1948ರ ಕಾರ್ಖಾನೆ ಕಾಯಿದೆಯೇ ಸೀಸದ ವಿಷಬಾಧೆಯನ್ನು ಸರಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು.

ಬದಲಿಯಾಗಿ ಸಿಲಿಕಾನ್ ಹಿತ್ತಾಳೆ (ತಾಮ್ರ ಸುಮಾರು ಶೇ. 76, ಸಿಲಿಕಾನ್ ಶೇ. 3, ಉಳಿದುದು ಸತು) ಹಾಗೂ ಬಿಸ್ಮತ್ ಹಿತ್ತಾಳೆ ಲಭ್ಯವಿವೆ. ತಾಮ್ರದ ಪಾಲು ಹೆಚ್ಚಿರುವ ಸಿಲಿಕಾನ್ ಹಿತ್ತಾಳೆಗೆ ಬೆಲೆಯೂ ಹೆಚ್ಚು. ಉಪಕರಣದ ಕೋನ, ವೇಗಗಳನ್ನೂ ಹೊಸದಾಗಿ ಹೊಂದಿಸಿಕೊಳ್ಳಬೇಕು. ಆದರೆ ನಿಜವಾದ ತೊಡಕಿರುವುದು ಗುಜರಿಯಲ್ಲಿ. ಸಿಲಿಕಾನ್ ಬೆರೆತ ಚೂರು ಸೀಸವುಳ್ಳ ಗನ್‌ಮೆಟಲ್ ಎರಕಕ್ಕೆ ಸೇರಿದರೆ ವಾಲ್ವ್ ಒತ್ತಡ ಪರೀಕ್ಷೆಯಲ್ಲಿ ಸೋರಬಹುದು. ಬಿಸ್ಮತ್ ಬೆರೆತರೆ ಸಾಮಾನ್ಯ ಹಿತ್ತಾಳೆ ಬಿಸಿ ಬಡಿತದಲ್ಲಿ ಬಿರುಕು ಬಿಡಬಹುದು. ಒಂದೇ ಅಂಗಳದಲ್ಲಿ ಎರಡೂ ಬಗೆಯ ಕೆಲಸ ನಡೆಸುವವರು ಲೇತಿನ ಕೆಳಗಿನ ತಟ್ಟೆಯಿಂದಲೇ ಚೂರನ್ನು ಬೇರ್ಪಡಿಸಿ, ಬೇರೆ ಬಣ್ಣದ ಡ್ರಮ್ಮುಗಳಲ್ಲಿ ಇಟ್ಟು, ಸರಳಿನ ಪ್ರತಿ ಕಂತಿಗೂ ಪೂರೈಕೆದಾರರಿಂದ ರಾಸಾಯನಿಕ ಪರೀಕ್ಷಾ ಪತ್ರ ಪಡೆಯತಕ್ಕದ್ದು.