ಒಂಟೆಯನ್ನು ಕಟ್ಟಿದ ಮೇಲೆ ತವಕ್ಕುಲ್

ಮಕ್ಕಳು ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್ನಿಗೆ ಹೊರಟಾಗ ನಾವು ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಮುಸಲ್ಲಾ, ಜ್ವರದ ಮಾತ್ರೆ ಎಲ್ಲವನ್ನೂ ತುಂಬಿಸುತ್ತೇವೆ. ಅಲ್ಲಿ ಕಾಯಿಲೆ ಬಿದ್ದರೆ ಯಾರ ಬಾಗಿಲು ತಟ್ಟಬೇಕೆಂಬುದನ್ನು ಮಾತ್ರ ಹೇಳುವುದಿಲ್ಲ. ಅಲ್ಲಾಹನಿದ್ದಾನೆ ಎಂದು ಬೀಳ್ಕೊಡುತ್ತೇವೆ. ನಿಜ, ಅವನಿದ್ದಾನೆ. ಆದರೆ ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ವಿಚಾರಿಸಿದವರಿಗೆ ಪ್ರವಾದಿವರ್ಯರು(ಸ) ಮೊದಲು ಅದನ್ನು ಕಟ್ಟಿಹಾಕಲು ಸೂಚಿಸಿದರೆಂದು ತಿರ್ಮಿದಿಯ ವರದಿಯಲ್ಲಿದೆ. ಚಿಕಿತ್ಸೆ ಪಡೆಯಬಹುದೇ ಎಂದು ಗ್ರಾಮೀಣ ಅರಬರು ಕೇಳಿದಾಗಲೂ ಅವರು ಚಿಕಿತ್ಸೆ ಪಡೆಯುವಂತೆಯೇ ಹೇಳಿದರು.

ಬ್ರಿಟನ್ನಿನಲ್ಲಿ ಒಂಟೆಯನ್ನು ಕಟ್ಟುವುದೆಂದರೆ, ತಲುಪಿದ ಮೊದಲ ವಾರದಲ್ಲೇ ವಾಸಸ್ಥಳದ ಸಮೀಪದ ಜಿ.ಪಿ. ಚಿಕಿತ್ಸಾಲಯದಲ್ಲಿ ಹೆಸರು ನೋಂದಾಯಿಸುವುದು. ಜಿ.ಪಿ. ಎಂದರೆ ಅಲ್ಲಿನ ಕುಟುಂಬ ವೈದ್ಯರು. ಅಲ್ಲಿ ನಮ್ಮೂರಿನಂತೆ ನೇರವಾಗಿ ತಜ್ಞ ವೈದ್ಯರ ಬಳಿ ಹೋಗುವ ಪದ್ಧತಿಯಿಲ್ಲ. ಸಾಮಾನ್ಯವಾಗಿ ಜಿ.ಪಿ.ಯವರೇ ಅಲ್ಲಿಗೆ ಕಳುಹಿಸಬೇಕು. ನೋಂದಣಿಗೆ ಶುಲ್ಕವಿಲ್ಲ. ಆದರೂ ಅನೇಕ ವಿದ್ಯಾರ್ಥಿಗಳು ಕಾಯಿಲೆ ಬಂದ ಮೇಲೆ ನೋಡೋಣವೆಂದು ಮುಂದೂಡುತ್ತಾರೆ. ಕೆಲವರಿಗೆ ಸಂಕೋಚ, ಪರದೇಶದವರ ದಾನ ಪಡೆದಂತೆ. ಇದು ದಾನವಲ್ಲ. ಆರು ತಿಂಗಳಿಗಿಂತ ದೀರ್ಘ ವ್ಯಾಸಂಗದ ವೀಸಾದೊಂದಿಗೆ ಆರೋಗ್ಯ ಶುಲ್ಕವನ್ನು ಮೊದಲೇ ಪಾವತಿಸಿರುತ್ತೇವೆ. 2015ರಲ್ಲಿ ವರ್ಷಕ್ಕೆ 150 ಪೌಂಡಿನಿಂದ ಆರಂಭವಾದ ಈ ಶುಲ್ಕವು 2024ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳಿಗೆ 776 ಪೌಂಡಿಗೇರಿತು. ಸಾಲ ಮಾಡಿ ಕಟ್ಟಿದ ಹಣವದು! ಹಲ್ಲಿನ ಚಿಕಿತ್ಸೆಗೆ, ಇಂಗ್ಲೆಂಡಿನಲ್ಲಾದರೆ ಔಷಧಿ ಚೀಟಿಗೂ, ಸಾಮಾನ್ಯವಾಗಿ ಬೇರೆ ದರ ತೆರಬೇಕಾಗುತ್ತದೆ.

ಹೆಣ್ಣುಮಕ್ಕಳು ಮಹಿಳಾ ವೈದ್ಯರನ್ನು ಕೇಳಬಹುದು. ತಪಾಸಣೆಯ ವೇಳೆ ಜೊತೆಯಲ್ಲಿ ಇನ್ನೊಬ್ಬರು ಇರಬೇಕೆಂದೂ ಕೋರಬಹುದು. ಚಳಿಗಾಲದಲ್ಲಿ ಅಲ್ಲಿ ಬಿಸಿಲು ಸಾಲದು. ಮೈಮುಚ್ಚಿ ಉಡುವವರೂ ಕಪ್ಪು ಮೈಬಣ್ಣದವರೂ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಸೇವಿಸುವ ಬಗ್ಗೆ ಯೋಚಿಸಬೇಕೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಕ್ಯಾಪ್ಸೂಲಿನ ಹೊದಿಕೆಯಲ್ಲಿ ಜಿಲಾಟಿನ್ ಇದೆಯೇ ಎಂದು ಔಷಧಿ ಅಂಗಡಿಯವರಲ್ಲಿ ವಿಚಾರಿಸಿದರೆ ಸಾಕು, ಬದಲಿ ತೋರಿಸುತ್ತಾರೆ.

ರಮಝಾನಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಗ ಯಾರಿಗೂ ಹೇಳದೆ ಉಪವಾಸ ಹಿಡಿಯುವುದು ಭಕ್ತಿಯೆಂದು ತೋರಬಹುದು. ರೋಗಿಗೆ ಕುರ್‌ಆನ್ ಸ್ವತಃ (ಅಲ್ ಬಕರ: 184-185) ರಿಯಾಯಿತಿ ನೀಡಿರುವಾಗ ಅದನ್ನು ತಿರಸ್ಕರಿಸುವ ಹಕ್ಕು ನಮಗೆಲ್ಲಿದೆ? ರಮಝಾನಿಗೆ ಕೆಲವು ವಾರ ಮೊದಲೇ ವೈದ್ಯರನ್ನು ಕಾಣಲಿ.

ಎಲ್ಲಕ್ಕಿಂತ ಕಠಿಣವಾದುದು ಮನಸ್ಸಿನ ಕಾಯಿಲೆ. ನಿದ್ದೆಯಿಲ್ಲ, ಊಟ ಸೇರದು, ತರಗತಿಗೆ ಹೋಗಲಾಗದು, ಫೋನಿನಲ್ಲಿ ಮಾತ್ರ "ಚೆನ್ನಾಗಿದ್ದೇನೆ ಉಮ್ಮಾ." ಹಾಗೆ ಹೇಳಿಸುವವರು ಬಹುಮಟ್ಟಿಗೆ ನಾವೇ. ಈಮಾನ್ ದುರ್ಬಲವಾಗಿದೆ ಎಂಬ ಗದರಿಕೆ, ಖರ್ಚಾದ ಲಕ್ಷಗಳ ಲೆಕ್ಕ ಇವೆರಡೂ ಅವರ ಬಾಯಿ ಕಟ್ಟುತ್ತವೆ. ದುಆ, ಕುರ್‌ಆನ್ ಪಾರಾಯಣ ಇರಲಿ. ಅವು ವೈದ್ಯರ ದಾರಿಯನ್ನು ಮುಚ್ಚುವುದಿಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಸಮಾಲೋಚಕರಿದ್ದಾರೆ. ಪ್ರಾಣಾಪಾಯವಿಲ್ಲದಿದ್ದರೆ ಹೇಳಿದ ಮಾತು ಸಾಮಾನ್ಯವಾಗಿ ಹೊರಗೆ ಹೋಗದು. ತುರ್ತಲ್ಲದ ಸಲಹೆಗೆ ಹಗಲಿರುಳೂ 111, ಜೀವಕ್ಕೆ ಅಪಾಯವಿದ್ದರೆ 999. ಈ ಎರಡು ಸಂಖ್ಯೆಗಳನ್ನು ಮಗಳು ವಿಮಾನ ಏರುವ ಮುನ್ನವೇ ಅವಳ ಫೋನಿನಲ್ಲಿ ಬರೆಸಿಡಿ.